ನಿದ್ದೆಗೆ ಬೇಕಾದ ಸದ್ದು

"ನಲವತ್ತು ಅಂಗಿಗೂ ಎಡತೋಳೇ ಕತ್ತರಿಸಿದ್ದೀಯಲ್ಲೋ! ಎರಡೂ ಎಡಗೈ ಇರೋ ಮನುಷ್ಯ ನಿನ್ನ ಬಿಟ್ರೆ ಇನ್ಯಾರಿದ್ದಾನೋ? ಯಾರೋ ಹೆತ್ತು ಬಿಸಾಕಿದ್ದನ್ನ ಎತ್ಕೊಂಡು ಬಂದು ರಾತ್ರಿಯೆಲ್ಲ ಕಾಯೋದು, ಹಗಲು ನನ್ನ ಬಟ್ಟೆ ಮೇಲೆ ತೂಕಡಿಸೋದು!"

ಮೇಸ್ತ್ರಿ ಇದನ್ನು ಗುಟ್ಟಾಗಿ ಹೇಳಲಿಲ್ಲ. ಮೂವತ್ತು ಹೊಲಿಗೆ ಮಿಷನ್ನುಗಳ ಸದ್ದನ್ನು ಮೀರಿಸಿ, ಮೂವತ್ತು ಜನರ ಮುಂದೆ ಹೇಳಿದ. ತಪ್ಪಂತೂ ಆಗಿತ್ತು. ಬಟ್ಟೆಯನ್ನು ಮುಖಕ್ಕೆ ಮುಖ ಕೊಟ್ಟು ಹಾಸಿದರೆ ಎಡ ಬಲ ಜೋಡಿಯಾಗಿ ಬೀಳುತ್ತವೆ. ಒಂದೇ ಮುಖ ಮೇಲೆ ಮಾಡಿ ಹಾಸಿದರೆ ಎಲ್ಲವೂ ಒಂದೇ ಕೈಯವು. ಹನ್ನೊಂದು ವರ್ಷ ಕತ್ತರಿ ಹಿಡಿದವನು ಮಾಡುವ ತಪ್ಪಲ್ಲ ಅದು. ನಾಲ್ಕು ತಿಂಗಳು ನಿದ್ದೆಗೆಟ್ಟವನು ಮಾಡುವ ತಪ್ಪು.

ಆದರೆ ಕಟಿಂಗ್ ಮಾಡುವ ಈ ಆಸಾಮಿಯನ್ನು ಎಲ್ಲರೂ ಪಟಾಕಿ ಅನ್ನುತ್ತಿದ್ದುದು ಸುಮ್ಮನೆ ಅಲ್ಲ. ಬತ್ತಿ ಬಹಳ ಗಿಡ್ಡ.

"ಕೈ ತಪ್ಪಿಗೆ ನನ್ನ ಬೈಯಿ, ಕೇಳ್ತೀನಿ. ನನ್ನ ಮಗಳ ಸುದ್ದಿಗೆ ಬಂದ್ರೆ ಈ ಕತ್ತರಿಗೂ ಎಡ ಬಲ ಗೊತ್ತಾಗಲ್ಲ!"

ಯಾರೋ ಕಿಸಕ್ಕೆಂದರು. ಮೇಸ್ತ್ರಿ ಹಲ್ಲು ಕಡಿಯುತ್ತ ಒಳಗೆ ಹೋದ.

ಮಗಳಿಗೆ ನಾಲ್ಕು ವರ್ಷ. ಅನಾಥಾಲಯದಿಂದ ಮನೆಗೆ ಬಂದು ನಾಲ್ಕು ತಿಂಗಳು. ಹಗಲಲ್ಲಿ ಉಣ್ಣುತ್ತಾಳೆ, ಆಡುತ್ತಾಳೆ, ಅಪ್ಪನ ಮೀಸೆ ಎಳೆಯುತ್ತಾಳೆ. ಕತ್ತಲಾದರೆ ಮಂಚದ ಮೇಲೆ ಎದ್ದು ನಿಂತು ಬಾಗಿಲು ನೋಡುತ್ತಾಳೆ. ಅಳುವುದಿಲ್ಲ. ಅತ್ತರೆ ಯಾರೋ ಓಡಿಬರುತ್ತಾರೆ ಎಂದು ಗೊತ್ತಿರುವ ಮಗು ಅಳುತ್ತದೆ. ಇವಳು ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ನಿಲ್ಲುತ್ತಿದ್ದಳು, ಎಲ್ಲಿಗೋ ಹೊರಟವಳ ಹಾಗೆ. ಬೆಳಗಿನ ಜಾವ ಗೋಡೆಗೊರಗಿ ಕೊಂಚ ತೂಕಡಿಸಿದರೆ ಅದೇ ನಿದ್ದೆ.

ಗಂಡ ಹೆಂಡತಿ ಮಾಡದ ಉಪಾಯವಿಲ್ಲ. ಇದ್ದ ಎರಡು ಕೋಣೆಯಲ್ಲಿ ಒಂದನ್ನು ಅವಳಿಗೇ ಬಿಟ್ಟುಕೊಟ್ಟರು. ದಪ್ಪ ಪರದೆ ಹಾಕಿದರು, ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟರು, ಗೋಡೆ ಗಡಿಯಾರವನ್ನು ಬಚ್ಚಲಿಗೆ ಗಡೀಪಾರು ಮಾಡಿದರು. ಮಹಡಿ ಮನೆಯವರ ಕೈಕಾಲು ಹಿಡಿದು ಟೀವಿ ಸಣ್ಣಗೆ ಮಾಡಿಸಿದರು. ಸ್ವಂತ ಮನೆಯಲ್ಲಿ ಕಳ್ಳರ ಹಾಗೆ ತುದಿಗಾಲಲ್ಲಿ ಓಡಾಡಿದರು. ಮನೆ ಎಷ್ಟು ತಣ್ಣಗಾಯಿತೋ ಅವಳ ಕಣ್ಣು ಅಷ್ಟು ಅಗಲವಾಯಿತು. ಬುದ್ಧಿ ಹೇಳುವವರಿಗೇನು ಬರವೇ? "ರಕ್ತ ಬೇರೆ ನೋಡಿ, ಒಗ್ಗಲ್ಲ" ಎಂದಳು ಒಬ್ಬ ಅತ್ತೆ. ಪಟಾಕಿ ಅವಳಿಗೆ ಬಾಗಿಲು ತೋರಿಸಿದ. ಎಣ್ಣೆ ಬಿಟ್ಟಿದ್ದರಿಂದ ಬಾಗಿಲು ಸದ್ದೂ ಮಾಡಲಿಲ್ಲ.

ಮೇಸ್ತ್ರಿಯಿಂದ ಬೈಸಿಕೊಂಡ ಆ ವಾರದ ಶನಿವಾರ, ಹಗಲು ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆಯೂ ಕೈ ಎತ್ತಿಬಿಟ್ಟಳು. "ನಿದ್ದೆಯಿಲ್ಲದ ಆ ಕಣ್ಣು ನೋಡಿದ್ರೆ ನಂಗೇ ಭಯ ಆಗತ್ತೆ ಕಣಪ್ಪ." ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲು ಪಾಳಿ. ಅವನಿಗೆ ಬೇರೆ ದಾರಿ ಕಾಣಲಿಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾರ್ಖಾನೆಗೇ ಬಂದ. ಮೇಸ್ತ್ರಿ ಮಧ್ಯಾಹ್ನದವರೆಗೂ ಬರುವುದಿಲ್ಲ ಎಂದು ಕೇಳಿದ್ದ.

"ಇಲ್ಲೇ ಕೂತಿರು ಪುಟ್ಟಾ," ಎಂದು ಕಟಿಂಗ್ ಮೇಜಿನ ಕೆಳಗೆ, ಚೂರು ಬಟ್ಟೆಯ ಗುಡ್ಡೆಯ ಪಕ್ಕ ಅವಳನ್ನು ಬಿಟ್ಟ. ಈ ಗದ್ದಲಕ್ಕೆ ಹೆದರುತ್ತಾಳೇನೋ ಎಂದು ಮತ್ತೆ ಮತ್ತೆ ಬಗ್ಗಿ ನೋಡಿದ. ನಾಲ್ಕನೇ ಸಲ ಬಗ್ಗಿದಾಗ ಮಗಳು ಮಗುಚಿಕೊಂಡು ಬಿದ್ದಿದ್ದಳು.

"ಅಜ್ಜಿ! ಬೇಗ ಬಾ! ಏನೋ ಆಗೋಯ್ತು!"

ಗುಂಡಿಗೆ ಕಾಜಾ ಹಾಕುವ ಮುದುಕಿ ಸೊಂಟ ಹಿಡಿದುಕೊಂಡು ಬಂದು ಬಗ್ಗಿದಳು. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟಳು.

"ಏನಾಗಿದೆ ನಿನ್ನ ತಲೆ! ಮಲಗಿದೆ ಕಣೋ."

"ಈ ಸದ್ದಲ್ಲಿ ನಿದ್ದೇನಾ?"

"ಅದು ಮುಂಚೆ ಇದ್ದ ಕಡೆ ಒಂದೊಂದಕ್ಕೂ ಒಂದೊಂದು ಕೋಣೆ ಕೊಟ್ಟಿದ್ರೇನೋ?"

"ಎಲ್ಲಿ ಬಂತು? ಒಂದೇ ದೊಡ್ಡ ಕೋಣೆ. ಇಪ್ಪತ್ತಾರು ಮಕ್ಕಳು."

"ಮತ್ತೆ? ಒಂದು ಕೆಮ್ಮತ್ತೆ, ಒಂದು ಅಳತ್ತೆ, ಒಂದು ಹೊದಿಕೆ ಎಳೆಯತ್ತೆ. ಅದರ ಮಧ್ಯೆ ಮಲಗಿದ ಕೂಸಿಗೆ ನೀವು ಗವಿ ಕಟ್ಟಿಕೊಟ್ಟಿದ್ದೀರಿ. ಸದ್ದು ನಿಂತ್ರೆ ಎಲ್ಲರೂ ತನ್ನ ಬಿಟ್ಟು ಹೋದ್ರು ಅಂದ್ಕೊಳ್ಳಲ್ವೇನೋ ಅದು?"

ಪಟಾಕಿ ನೆಲದ ಮೇಲೆ ಕುಕ್ಕರಿಸಿದ. ಗಡಿಯಾರ ಬಚ್ಚಲಿಗಿಟ್ಟ ಕೈಯಿಂದ ತನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕೆನಿಸಿತು. ಮಗಳ ಬಾಯಿ ಅರೆ ತೆರೆದಿತ್ತು. ಒಂದು ಚಪ್ಪಲಿ ತಾನೇ ಕಳಚಿ ಬಿದ್ದಿತ್ತು. ಅವಳು ಮೈಮರೆತು ಮಲಗಿದರೆ ಹೀಗೆ ಕಾಣುತ್ತಾಳೆಂದು ಅವನು ಅವತ್ತೇ ನೋಡಿದ್ದು.

ಒಂದು ಗಂಟೆಗೆ ಊಟದ ಬೆಲ್ಲು ಹೊಡೆಯಿತು. ಮಿಷನ್ನುಗಳು ಒಂದೊಂದಾಗಿ ನಿಂತವು. ಮೇಜಿನ ಕೆಳಗೆ ಪುಟ್ಟ ಕೈ ಏನನ್ನೋ ಹುಡುಕಿತು, ರೆಪ್ಪೆ ಅದುರಿತು. ಪಟಾಕಿಯ ಮುಖ ನೋಡಿದ ಮುದುಕಿ ಊಟದ ಡಬ್ಬಿ ಅಲ್ಲೇ ಇಟ್ಟು ಮತ್ತೆ ಮಿಷನ್ನು ಒತ್ತಿದಳು.

"ಏನ್ ನೋಡ್ತೀರ್ರೋ? ದಾರ ಬಿಚ್ಚಿ, ಬಟ್ಟೆ ಒತ್ತೋ ಪಾದ ಎತ್ತಿ, ಓಡಿಸಿ! ಖಾಲಿ ಓಡಿಸಿದ್ರೆ ನಿಮ್ಮಪ್ಪನ ಗಂಟು ಹೋಗಲ್ಲ!"

ಒಬ್ಬ ಓಡಿಸಿದ. ಅವನ ಪಕ್ಕದವಳು ಬಲಗೈಯಲ್ಲಿ ತುತ್ತು, ಬಲಗಾಲಲ್ಲಿ ಮಿಷನ್ನು. ಆಮೇಲೆ ಇಡೀ ಸಾಲು. ಒಂದು ಎಳೆ ಹೊಲಿಗೆಯಿಲ್ಲದೆ ಮೂವತ್ತೂ ಮಿಷನ್ನು ಗರಗರ ಓಡಿದವು. ಪುಟ್ಟ ಕೈ ಸಡಿಲವಾಯಿತು.

ಅಷ್ಟರಲ್ಲಿ ಮೇಸ್ತ್ರಿ ಬಂದ. ಖಾಲಿ ಕುಣಿಯುವ ಸೂಜಿಗಳನ್ನು ನೋಡಿದ, ಬಗ್ಗಿ ಮೇಜಿನ ಕೆಳಗೆ ನೋಡಿದ.

"ಓಹೋ! ಆ ಬೀದಿ ಮಗೂಗೆ ನನ್ನ ಕಾರ್ಖಾನೆ ತೊಟ್ಟಿಲೇನ್ರೋ? ಆರಿಸ್ರೋ ಎಲ್ಲಾನೂ! ನಾನೇ ಆರಿಸ್ತೀನಿ!" ಎಂದು ಮೇನ್ ಸ್ವಿಚ್ಚಿನ ಕಡೆ ಹೊರಟ.

ಪಟಾಕಿ ಮಂಡಿಯೂರಿ ಮಗಳನ್ನು ಬಾಚಿ ಎತ್ತಿಕೊಂಡ. ಅವಳ ತಲೆ ಅವನ ಎದೆಗೆ ಒರಗಿತು. ಬಾಯಿ ತನಕ ಬಂದಿತ್ತು ಬೈಗುಳ. ಒಂದಲ್ಲ, ಅವನಿಗೆ ಗೊತ್ತಿದ್ದವೆಲ್ಲ. ಆದರೆ ಬೈಗುಳ ಹೊರಡಬೇಕಾದದ್ದು ಎದೆಯಿಂದ, ಎದೆಯ ಮೇಲೆ ಮಗಳಿದ್ದಳು. ಅವನು ಬಾಗಿಲ ಕಡೆ ಹೊರಟ, ಬೆನ್ನ ಹಿಂದೆ ಮೇಸ್ತ್ರಿ ಕೂಗಿದ.

"ಏಯ್, ನಿಂಗೇ ಹೇಳ್ತಿರೋದು! ಈಗ ಹೋದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡ! ಬಾಯಿ ಬಿದ್ದೋಯ್ತೇನೋ?"

ಸ್ವಿಚ್ಚು ಬೀಳುವ ಮೊದಲೇ ಅವನು ಬಾಗಿಲು ದಾಟಿದ. ಹೊರಗೆ ಲಾರಿಗಳು ಹಾರ್ನು ಹೊಡೆಯುತ್ತಿದ್ದವು, ಯಾರೋ ಕಬ್ಬಿಣ ಕುಟ್ಟುತ್ತಿದ್ದರು. ಗದ್ದಲ ಎಲ್ಲಿ ಹೆಚ್ಚಿದೆ ಎಂದು ಒಂದು ಕ್ಷಣ ಕಿವಿಗೊಟ್ಟು, ಅವನು ಆ ಕಡೆಗೆ ನಿಧಾನವಾಗಿ ನಡೆದ.