ನಾಯಕ ಗಾಡಿ

ಪ್ರಯೋಗದ ರಸ್ತೆಯಲ್ಲಿ ನಾವು ಐವರು ಚಾಲಕರು ಕಾರು ಓಡಿಸುತ್ತಿದ್ದೆವು. ಒಟ್ಟಿಗೆ ಸಾಗುವ ಗಾಡಿಗಳನ್ನು ಕಂಪ್ಯೂಟರ್ ಗುಂಪು ಮಾಡಿ, ಎಲ್ಲರ ಸಂದೇಶ ದಾಟಿಸಲು ಒಂದನ್ನು ನಾಯಕನನ್ನಾಗಿಸುತ್ತಿತ್ತು. ಆ ಪಟ್ಟ ದಿನವೂ ನನ್ನ ಷಡ್ಡಕನಿಗೇ! ಮಾವನ ಮನೆಯಲ್ಲೂ ಅವನದೇ ದರ್ಬಾರು. ನನಗೆ ಹೊಟ್ಟೆ ಉರಿಯದೆ ಇನ್ನೇನು?

ನಿನ್ನೆ ಎಲ್ಲರನ್ನೂ ಹಿಂದೆ ಹಾಕಿ ನುಗ್ಗಿದೆ. ದೂರವಾದೆನೆಂದು ಕಂಪ್ಯೂಟರ್ ನನ್ನನ್ನು ಗುಂಪಿನಿಂದಲೇ ಕಿತ್ತುಹಾಕಿತು. ಇವತ್ತು ಅವನು ಎಲ್ಲಿ ಎಡವುತ್ತಾನೋ ನೋಡೋಣವೆಂದು ಪಕ್ಕ ಬಿಡದೆ ಓಡಿಸಿದೆ.

ಇಳಿದವನೇ ಎಂಜಿನಿಯರಮ್ಮನನ್ನು ಕೇಳಿದೆ, "ಇವತ್ತಾದ್ರೂ ಪಟ್ಟ ಹೋಯ್ತಾ ಅವನದು?"

"ಹೋಗೋದ್ರಲ್ಲಿತ್ತು. ಮಿಕ್ಕವರೆಲ್ಲ ದೂರ ಆಗ್ಬಿಟ್ರು. ಒಂಟಿ ಗಾಡಿಗೆ ಗುಂಪೂ ಇಲ್ಲ, ಪಟ್ಟಾನೂ ಇಲ್ಲ. ನೀವೊಬ್ರು ಬಿಡದೆ ಅಂಟ್ಕೊಂಡಿದ್ರಲ್ಲ, ಅದಕ್ಕೇ ಉಳೀತು."

ಷಡ್ಡಕ ನನ್ನ ಬೆನ್ನು ತಟ್ಟಿದ. "ನೀನಿರೋವರೆಗೂ ನಂಗೇನ್ ಭಯ, ತಮ್ಮಾ!"