ಕೇಳಲು ನಾಚದ ಹುಡುಗಿ

ಮೂರು ದೊಡ್ಡ ಸೂಟ್‌ಕೇಸುಗಳೊಂದಿಗೆ ರಿಹಾಬ್ ಈಜಿಪ್ಟಿನ ಝಗಾಝೀಗ್ ಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಂದಿಳಿದಾಗ ಇನ್ಶಿರಾಳಿಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ರಿಹಾಬ್‌ಳ ಅಪ್ಪ ಕುವೈತಿನಲ್ಲಿ ಮೇಷ್ಟ್ರು. ಕೈಗೂಸಾಗಿ ಹೋದವಳು ಬೆಳೆದದ್ದೆಲ್ಲ ಅಲ್ಲೇ. ಪಶುವೈದ್ಯಕೀಯ ಓದಲೆಂದು ಈಗ ಒಬ್ಬಳೇ ಈಜಿಪ್ಟಿಗೆ ಮರಳಿದ್ದಳು. ಇನ್ಶಿರಾಳದೂ ಅದೇ ತರಗತಿ. ಇಬ್ಬರಿಗೂ ಒಂದೇ ಕೋಣೆ ಸಿಕ್ಕಿತು.

ಬಂದ ವಾರದಲ್ಲೇ ರಿಹಾಬ್ ಎಲ್ಲರ ನಗೆಪಾಟಲಾದಳು. ಮಾತಿನ ನಡುವೆ ಕುವೈತಿನ ಪದಗಳು ನುಸುಳುತ್ತಿದ್ದವು. ವ್ಯಾನು ನಿಲ್ಲಿಸಲು ಕೈ ಹೇಗೆ ಆಡಿಸಬೇಕೆಂದು ತಿಳಿಯದು, ರಸ್ತೆ ದಾಟಲು ಬಾರದು. ಆದರೆ ಗೊತ್ತಿಲ್ಲದ್ದನ್ನು ಬಚ್ಚಿಡುವ ಅಭ್ಯಾಸ ಅವಳಿಗಿರಲಿಲ್ಲ. ಬೇಯಿಸಿದ ಅವರೆ ಮಾರುವ ಗಾಡಿಯವನನ್ನೇ ಕೇಳುವಳು: "ಚಿಕ್ಕಪ್ಪಾ, ಎಷ್ಟಕ್ಕೆ ಚೌಕಾಸಿ ಮಾಡಿದ್ರೆ ನೀನು ಬಯ್ಯಲ್ಲ?" ಅವನು ನಕ್ಕು ಒಂದು ಈರುಳ್ಳಿ ಹೆಚ್ಚಿಗೇ ಹಾಕುವನು.

ಇನ್ಶಿರಾ ಇದಕ್ಕೆ ತೀರಾ ಉಲ್ಟಾ. ಅವಳದು ಕಾಲುವೆಯಾಚೆಯ ಹಳ್ಳಿ, ಹಟ್ಟಿ ತುಂಬ ಎಮ್ಮೆ. ಯಾರಾದರೂ ಊರು ಕೇಳಿದರೆ "ಇಲ್ಲೇ, ಪೇಟೆ ಪಕ್ಕ" ಎನ್ನುವಳು. ಹಳ್ಳಿಯ ರಾಗ ಇಣುಕದಂತೆ ನಾಲಿಗೆ ಬಿಗಿಹಿಡಿದೇ ಮಾತಾಡುವಳು.

ಒಂದು ಮಧ್ಯಾಹ್ನ ತಾರಸಿಯ ಮೇಲೆ, ಒಣಹಾಕಿದ ಬಟ್ಟೆಗಳ ಹಿಂದೆ ರಿಹಾಬ್ ಬಿಕ್ಕುತ್ತಿದ್ದದ್ದು ಇನ್ಶಿರಾಳಿಗೆ ಕಂಡಿತು.

"ಅಲ್ಲಿ ನನ್ನನ್ನ ಈಜಿಪ್ಟಿನವಳು ಅಂತಿದ್ರು ಕಣೇ. ಇಲ್ಲಿ ಕುವೈತಿನವಳು ಅಂತಾರೆ. ನಾನು ಎಲ್ಲಿಯವಳು ಹಂಗಾದ್ರೆ?"

ರಿಹಾಬ್ ಉತ್ತರಕ್ಕೆ ಕಾಯಲಿಲ್ಲ. ಮುಖ ತೊಳೆದು, "ನಡಿ, ಕ್ಲಾಸಿಗೆ ಲೇಟಾಯ್ತು" ಎಂದು ಮೆಟ್ಟಿಲಿಳಿದಳು.

ಆವತ್ತು ಕಾಲೇಜಿನ ಕೊಟ್ಟಿಗೆಯಲ್ಲಿ ಮೊದಲ ಪಾಠ. ಎಮ್ಮೆಯನ್ನು ಹಗ್ಗ ಹಿಡಿದು ಅಂಗಳಕ್ಕೆ ನಡೆಸಬೇಕು. ಡಾಕ್ಟರ್ ನಬವಿಯ್ಯಾ ರಿಹಾಬ್‌ಳ ಹೆಸರು ಕರೆದರು. ಅವಳು ಹತ್ತಿರ ಹೋದದ್ದೇ ತಡ, ಎಮ್ಮೆ ತಲೆ ಕೊಡವಿತು. ರಿಹಾಬ್ ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದಳು.

"ಎಮ್ಮೆಗೊಂದು ಏಸಿ ಹಾಕ್ಸಿ ಡಾಕ್ಟ್ರೇ, ಆಮೇಲೆ ಹತ್ರ ಹೋಗ್ತಾಳೆ!" ಎಂದಳು ಪೇಟೆಯ ಹುಡುಗಿ ಶುವೈಕಾರ್. ಎಲ್ಲರೂ ಗೊಳ್ಳೆಂದರು.

ರಿಹಾಬ್ ಅವರ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು, ದನಿ ಮಾತ್ರ ಅಲುಗಲಿಲ್ಲ. "ನಿಜ ಕಣ್ರೇ. ನಾನು ಎಮ್ಮೇನ ಇಷ್ಟು ಹತ್ರದಿಂದ ನೋಡ್ತಿರೋದೇ ಇವತ್ತು. ಭಯ ಆಗ್ತಿದೆ. ಗೊತ್ತಿರೋರು ಕಲಿಸಿ, ಕಲೀತೀನಿ."

ಗೊತ್ತಿಲ್ಲ ಎನ್ನಲು ಇವಳಿಗೆ ಇಷ್ಟು ಎದೆಗಾರಿಕೆ. ಗೊತ್ತಿದೆ ಎನ್ನಲು ತನಗಿಲ್ಲವಲ್ಲ ಎಂದು ಇನ್ಶಿರಾಳಿಗೆ ಚುರುಕ್ಕೆಂದಿತು.

"ನಂಗೊತ್ತದೆ," ಎಂದಳು, ಅಪ್ಪಟ ಹಳ್ಳಿ ರಾಗದಲ್ಲಿ. "ನಮ್ಮಟ್ಟೀಲಿ ಏಳೆಮ್ಮೆ ಅವೆ. ನಾ ಕಲಿಸ್ತೀನಿ."

ಶುಕ್ರವಾರ ಇಬ್ಬರೂ ಹಳ್ಳಿಗೆ ಹೋದರು. ಬಾಗಿಲಲ್ಲೇ ಇನ್ಶಿರಾಳ ಅಜ್ಜಿ ಗದರಿದಳು: "ಕುವೈತಿಂದ ಬಂದ ಕೂಸಿಗೆ ಸಗಣಿ ಬಳಿಸ್ತೀಯೇನೇ ಮೂದೇವಿ?"

"ನಾನೇ ಕೇಳ್ಕೊಂಡು ಬಂದೆ ಅಜ್ಜಿ. ಬಳೀತೀನಿ ಬಿಡಿ," ಎಂದಳು ರಿಹಾಬ್.

ಮುಟ್ಟುವ ಮೊದಲು ಮಾತಾಡಿಸು, ಕತ್ತಿನ ಕೆಳಗೆ ಕೆರೆ, ಹಗ್ಗ ಜಗ್ಗಬೇಡ ಎಂದು ಇನ್ಶಿರಾ ಹೇಳಿಕೊಟ್ಟಳು. ಎಮ್ಮೆಯ ಬಾಲ ರಿಹಾಬ್‌ಳ ಕೆನ್ನೆಗೆ ಬಡಿಯಿತು. ಗೊರಸು ಕಾಲ ಮೇಲೆ ಬಿದ್ದು ಹೆಬ್ಬೆರಳು ನೀಲಿಗಟ್ಟಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ಅವಳು ಮತ್ತೆ ಹಗ್ಗ ಹಿಡಿದಳು. ಸಂಜೆಯ ಹೊತ್ತಿಗೆ ಎಮ್ಮೆ ಅವಳ ಹಿಂದೆ ಕಾಲುವೆಯ ತನಕ ಹೋಗಿ ಬಂತು.

"ಯಾರ ಪೈಕಿ ಮಗಳೇ ನೀನು?" ಕೇಳಿದಳು ಅಜ್ಜಿ.

"ಅದನ್ನೇ ಹುಡುಕ್ತಿದೀನಿ ಅಜ್ಜಿ."

"ಆಮೇಲೆ ಹುಡ್ಕೀಯಂತೆ. ಎಮ್ಮೆ ಕಟ್ಟಾಕಿ ಬಾ, ರೊಟ್ಟಿ ಆರ್ತಾ ಅದೆ."

ಬೆಣ್ಣೆ ರೊಟ್ಟಿಯನ್ನು ಜೇನಿನಲ್ಲಿ ಅದ್ದುತ್ತಾ ರಿಹಾಬ್ ನಗುತ್ತಿದ್ದಳು, ಕೆನ್ನೆಯಲ್ಲಿ ಇನ್ನೂ ಸಗಣಿ. ಇನ್ಶಿರಾ ಅವಳನ್ನೇ ನೋಡುತ್ತಾ ತಿನ್ನುವುದನ್ನೇ ಮರೆತಳು.

ಮುಂದಿನ ಪಾಠಕ್ಕೆ ರಿಹಾಬ್ ಕುಂಟುತ್ತಲೇ ಬಂದಳು. ಅಂಗಳದ ನಡುವೆ ಎಮ್ಮೆ ಒಮ್ಮೆ ಮೊಂಡು ಹಿಡಿಯಿತು. ಅವಳು ಅದರ ಕಿವಿಯ ಬಳಿ ಕುವೈತಿನ ಮಾತಿನಲ್ಲಿ ಏನೋ ಪುಸಲಾಯಿಸಿದಳು. ಎಮ್ಮೆ ಹೆಜ್ಜೆ ಹಾಕಿತು. ಈ ಸಲ ಯಾರೂ ನಗಲಿಲ್ಲ. ಡಾಕ್ಟರ್ ನಬವಿಯ್ಯಾ, "ಇನ್ನೊಂದು ಸುತ್ತು ಬಾರಮ್ಮಾ, ಇವರೆಲ್ಲ ನೋಡ್ಲಿ" ಎಂದರು.

ಪಾಠ ಮುಗಿದ ಮೇಲೆ ಶುವೈಕಾರ್ ಮೆಲ್ಲಗೆ ಬಂದು ನಿಂತಳು. "ಮುಂದಿನ ಶುಕ್ರವಾರ ನಾನೂ ಬರ್ಲಾ? ನಂಗೂ ಎಮ್ಮೆ ಅಂದ್ರೆ ಭಯ."

ಇನ್ಶಿರಾ ಬಾಯಿ ತೆರೆಯುವ ಮೊದಲೇ ರಿಹಾಬ್ ಹೇಳಿದಳು: "ಬಾರೇ. ಹಳೇ ಶೂ ಹಾಕ್ಕೊಂಡು ಬಾ."