ತಯಾರಾಗಿದ್ದ ಕನ್ನಡಕ

ಕನ್ನಡಕ ಗುರುವಾರ ಸಂಜೆಯೇ ತಯಾರಾಗಿತ್ತು. ಗಾಜಿನ ಅಂಚು ಉಜ್ಜಿ, ಫ್ರೇಮನ್ನು ಬಿಸಿಗಾಳಿಗೆ ಹಿಡಿದು ಮೆತ್ತಗೆ ಮಾಡಿ, ಗಾಜು ಕೂರಿಸಿ, ಸೋಪಿನ ನೀರಲ್ಲಿ ತೊಳೆದು ಡಬ್ಬಿಯೊಳಗೆ ಇಟ್ಟವಳು ಅಂಗಡಿಯಾಕೆಯೇ. ಅವಳ ಕೈಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ಆದರೂ ಶುಕ್ರವಾರ ಬೆಳಿಗ್ಗೆ ಕನ್ನಡಕ ಬೇಕಿದ್ದ ಹುಡುಗಿಯ ಅಪ್ಪ ಬಂದು ಕೇಳಿದಾಗ, "ಗಾಜು ಇನ್ನೂ ಬಂದಿಲ್ಲ ಅಣ್ಣ, ಸೋಮವಾರ ಬನ್ನಿ" ಅಂದುಬಿಟ್ಟಳು. ಪರೀಕ್ಷೆ ಇದ್ದದ್ದು ಭಾನುವಾರ.

ಬಾಯಿ ತಪ್ಪಿ ಬಂದ ಮಾತು ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡದ್ದುಂಟು. ನಾವು ನಂಬಬೇಕಾಗಿಲ್ಲ. ಬಾಯಿ ತಪ್ಪಿದ್ದೇ ನಿಜವಾಗಿದ್ದರೆ ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಕೂಗಿ ಕರೆಯಬಹುದಿತ್ತು. ಗಾರೆ ಕೆಲಸದವನು, ಮೊಣಕಾಲು ನೋವಿನವನು, ಒಂದೊಂದೇ ಮೆಟ್ಟಿಲು ಹಿಡಿದು ನಿಧಾನವಾಗಿಯೇ ಇಳಿದ. ಅವಳು ಕೌಂಟರಿನ ಗಾಜು ಒರೆಸುತ್ತಾ ನಿಂತಿದ್ದಳು. ಅಲ್ಲಿ ಒರೆಸುವುದಕ್ಕೆ ಧೂಳೇ ಇರಲಿಲ್ಲ.

ಪರೀಕ್ಷೆ ಎಂದರೆ ಅಂತಿಂಥ ಪರೀಕ್ಷೆಯಲ್ಲ. ಊರಿಗೆಲ್ಲ ಒಂದೇ ಒಂದು ದೊಡ್ಡ ಸರ್ಕಾರಿ ಪ್ರೌಢಶಾಲೆ. ಅದರೊಳಗೆ ಕಾಲಿಟ್ಟ ಮಕ್ಕಳು ಮತ್ತೆ ಹಿಂದೆ ತಿರುಗಿ ನೋಡುವುದಿಲ್ಲ ಎಂಬ ಮಾತಿತ್ತು. ಆದರೆ ವರ್ಷ ವರ್ಷವೂ ಕಾಲಿಡುತ್ತಿದ್ದವರೆಲ್ಲ ಮೇಲಿನ ಬಡಾವಣೆಯ ಮಕ್ಕಳೇ, ಬೆಳಿಗ್ಗೆ ಒಂದು ಟ್ಯೂಷನ್ನು ಸಂಜೆ ಒಂದು ಟ್ಯೂಷನ್ನು ಇದ್ದವರೇ. ಕೆಳಗಿನ ಗಲ್ಲಿಗಳ ಜನ ವರ್ಷಗಟ್ಟಲೆ ಬಾಯಿ ಬಡಿದುಕೊಂಡ ಮೇಲೆ ಸರ್ಕಾರಕ್ಕೆ ಕಿವಿ ಕೇಳಿಸಿ, ಹೊಸ ನಿಯಮ ಬಂತು: ಊರಿನ ಪ್ರತಿಯೊಂದು ಹಿರಿಯ ಪ್ರಾಥಮಿಕ ಶಾಲೆಗೂ ಒಂದು ಸೀಟು ಮೀಸಲು, ಆ ಶಾಲೆಯ ಮಕ್ಕಳಲ್ಲಿ ಯಾರು ಮೊದಲು ಬರುತ್ತಾರೋ ಅವರಿಗೆ. ಅವರು ಬೇಡವೆಂದರೆ ಅದೇ ಶಾಲೆಯ ಎರಡನೆಯವರಿಗೆ. ಗಲ್ಲಿ ಶಾಲೆಗೂ ಒಂದು ಸೀಟು ಸಿಕ್ಕಿತು.

ಅಂಗಡಿಯಾಕೆಯ ಮನೆ ಮೇಲಿನ ಬಡಾವಣೆಯಲ್ಲಿ. ಅಲ್ಲಿಯ ಶಾಲೆಯಲ್ಲಿ ಅವಳ ಮಗಳು ಜಾಣೆಯೇ, ಆದರೆ ಅವಳಿಗಿಂತ ಜಾಣರು ಬೆಂಚಿಗೊಬ್ಬರಂತೆ ಕೂತಿದ್ದರು. ಗಲ್ಲಿಯಲ್ಲಿ ಅಜ್ಜಿಯ ಮನೆ ಇತ್ತು. ಕೊನೆಯ ವರ್ಷಕ್ಕೆಂದು ಅಜ್ಜಿಯ ವಿಳಾಸ ತೋರಿಸಿ ಮಗಳನ್ನು ಗಲ್ಲಿ ಶಾಲೆಗೆ ಸೇರಿಸಿದರು. ಅಜ್ಜಿಯ ಮನೆಯಲ್ಲಿ ಅವಳು ಒಂದು ರಾತ್ರಿಯೂ ಮಲಗಲಿಲ್ಲ, ಸೊಳ್ಳೆ ಕಚ್ಚುತ್ತದಂತೆ.

"ಎಲ್ಲರೂ ಮಾಡೋದೇ ಕಣೇ," ಎಂದಿದ್ದ ಗಂಡ. ಅಂಚೆ ಕಚೇರಿಯ ಗುಮಾಸ್ತ, ಜಗತ್ತಿನ ಎಲ್ಲ ವಿಳಾಸಗಳೂ ತನ್ನ ಕೈಯೊಳಗೇ ಇವೆ ಎಂದು ತಿಳಿದವನು. "ನಾವೇನು ಯಾರ ತಟ್ಟೆಗಾದ್ರೂ ಕೈ ಹಾಕಿದ್ವಾ? ನಮ್ಮ ಮಗಳೂ ಓದೇ ಬರೀತಾಳಲ್ಲ!"

ಆ ಮಾತಿಗೆ ಅವಳೂ ತಲೆಯಾಡಿಸಿದ್ದಳು. ಅಷ್ಟರ ಮಟ್ಟಿಗೆ ಅವಳ ಮನಸ್ಸು ಸಮಾಧಾನವಾಗಿಯೇ ಇತ್ತು.

ಗಲ್ಲಿ ಶಾಲೆಯಲ್ಲಿ ಮಗಳ ಪಕ್ಕ ಕೂರುತ್ತಿದ್ದವಳು ಗಾರೆಯವನ ಮಗಳು. ದೂರದ್ದನ್ನು ನೋಡಬೇಕಾದರೆ ಕಣ್ಣು ಕಿರಿದು ಮಾಡುತ್ತಿದ್ದುದಕ್ಕೆ ಕ್ಲಾಸಿನವರು ಅವಳಿಗಿಟ್ಟ ಹೆಸರು ಕಿರುಗಣ್ಣಿ. ಹೊಸದಾಗಿ ಬಂದವಳಿಗೆ ಯಾರೂ ಜಾಗ ಬಿಡದಿದ್ದಾಗ ಪಕ್ಕಕ್ಕೆ ಸರಿದು ಕೂರಿಸಿಕೊಂಡವಳು ಅವಳೇ. ಬೋರ್ಡಿನ ಮೇಲೆ ಬರೆದದ್ದನ್ನು ಮಗಳು ಪಿಸುಗುಟ್ಟುತ್ತಾ ಓದಿ ಹೇಳುತ್ತಿದ್ದಳು, ಕಿರುಗಣ್ಣಿ ಬರೆದುಕೊಳ್ಳುತ್ತಿದ್ದಳು. ವರ್ಷವಿಡೀ ಹೀಗೇ ನಡೆದಿತ್ತು.

ಪರೀಕ್ಷೆಗೆ ಹತ್ತು ಹದಿನೈದು ದಿನ ಇದ್ದಾಗ ಮಗಳೇ ಅವಳ ಕೈ ಹಿಡಿದು ಅಂಗಡಿಗೆ ಎಳೆದು ತಂದಳು. "ಅಮ್ಮ, ಇವಳ ಕಣ್ಣು ಟೆಸ್ಟ್ ಮಾಡು. ನಾನು ಲೆಕ್ಕ ಓದಿ ಮುಗಿಸೋ ಅಷ್ಟರಲ್ಲಿ ಇವಳು ಉತ್ತರ ಹೇಳಿರ್ತಾಳೆ ಗೊತ್ತಾ? ಬೋರ್ಡ್ ಕಂಡ್ರೆ ಇನ್ನೇನು ಮಾಡ್ತಾಳೋ!"

ಅಂಗಡಿಯಾಕೆ ನಗುತ್ತಲೇ ಹುಡುಗಿಯ ಮೂಗಿನ ಮೇಲೆ ಖಾಲಿ ಚೌಕಟ್ಟು ಕೂರಿಸಿ, ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಹಾಕಿ ನೋಡಿದಳು. ಬರಿಗಣ್ಣಿಗೆ ಮೇಲಿನ ದೊಡ್ಡ ಅಕ್ಷರವೊಂದನ್ನು ಬಿಟ್ಟು ಏನೂ ಕಾಣದ ಹುಡುಗಿ, ಸರಿಯಾದ ಗಾಜು ಬಿದ್ದದ್ದೇ ತಡ, ಕೊನೆಯ ಸಾಲನ್ನು ಹಿಂದು ಮುಂದಾಗಿಯೂ ಓದಿ ಕಿಲಕಿಲ ನಕ್ಕಳು. ಅಂಗಡಿಯಾಕೆಯೂ ನಕ್ಕಳು. ನಗುನಗುತ್ತಲೇ ಎದೆಯೊಳಗೆ ಏನೋ ಚುಚ್ಚಿತು. ಗಲ್ಲಿ ಶಾಲೆಗೆ ಇರುವುದು ಒಂದೇ ಸೀಟು.

ಆವತ್ತು ಚುಚ್ಚಿದ್ದೇ ಶುಕ್ರವಾರ ಬಾಯಿಗೆ ಬಂದದ್ದು.

ಭಾನುವಾರ ಮಧ್ಯಾಹ್ನ ಮಗಳು ಪರೀಕ್ಷೆ ಮುಗಿಸಿ ಬಂದು ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಬಿಸಾಕಿ ಮಂಚದ ಮೇಲೆ ಬಿದ್ದುಕೊಂಡಳು. ಹೇಗಾಯಿತು ಎಂದು ಕೇಳಿದ್ದಕ್ಕೆ, "ಆಯ್ತು. ಒಂದು ಲೆಕ್ಕದಲ್ಲಿ ಅಂಕಿ ತಪ್ಪಾಗಿ ಪ್ರಿಂಟಾಗಿತ್ತು. ಮೇಷ್ಟ್ರು ಸರಿಯಾದ್ದನ್ನ ಬೋರ್ಡ್ ಮೇಲೆ ಬರೆದು, ನೋಡ್ಕೊಳ್ಳಿ ಅಂದ್ರು" ಎಂದಳು.

ತಾಯಿ ಮಂಚದ ಹತ್ತಿರ ಬಂದಳು. "ನಿಮ್ಮಿಬ್ಬರನ್ನ ಎಲ್ಲಿ ಕೂರಿಸಿದ್ರು?"

"ಕೊನೇ ಸಾಲು." ಮಗಳು ಗೋಡೆಯ ಕಡೆ ಹೊರಳಿ ಹೊದಿಕೆ ಎಳೆದುಕೊಂಡಳು. ದಣಿದಿದ್ದಾಳೆ ಎಂದುಕೊಂಡು ತಾಯಿ ಬಾಗಿಲು ಮುಂದೆ ಮಾಡಿದಳು.

ಸೋಮವಾರ ಗಾರೆಯವನು ಬರಲಿಲ್ಲ. ಊರಾಚೆ ಯಾವುದೋ ಕಟ್ಟಡದ ಕೆಲಸಕ್ಕೆ ಹೋಗಿದ್ದನಂತೆ. ಕನ್ನಡಕ ಕೆಳಗಿನ ಡ್ರಾಯರಿನಲ್ಲಿ ಉಳಿಯಿತು. ಸ್ಕ್ರೂಡ್ರೈವರ್ ತೆಗೆಯಲು ಅದೇ ಡ್ರಾಯರನ್ನು ಎಳೆಯಬೇಕು. ಎಳೆದಾಗಲೆಲ್ಲ ಡಬ್ಬಿ ಸರಿದು ಮುಂದಕ್ಕೆ ಬರುತ್ತಿತ್ತು. ಅವಳು ಸ್ಕ್ರೂಡ್ರೈವರನ್ನೇ ಬೇರೆ ಕಡೆಗೆ ಎತ್ತಿಟ್ಟಳು. ಗಲ್ಲಿಗೆ ತಾನೇ ಹೋಗಿ ಕೊಟ್ಟು ಬಂದರಾಯಿತು ಎಂದು ದಿನಾ ಅಂದುಕೊಳ್ಳುವಳು. ಕಾಲು ಏಳುತ್ತಿರಲಿಲ್ಲ.

ಫಲಿತಾಂಶ ಬಂತು. ಗಲ್ಲಿ ಶಾಲೆಗೆ ಮೊದಲು ಅವಳ ಮಗಳು. ಎರಡನೆಯವಳು ಕಿರುಗಣ್ಣಿ. ನಡುವೆ ಇದ್ದ ಅಂತರ ಒಂದು ಲೆಕ್ಕದ್ದು. ಗಂಡ ಬೀದಿಗೆಲ್ಲ ಸಿಹಿ ಹಂಚಿದ. ನೆರೆಯವರು ಬಂದು ಮಗಳ ಕೆನ್ನೆ ಹಿಂಡಿದರು. ಮಗಳು ಹಿಂಡಿಸಿಕೊಂಡಳು, ನಗಲಿಲ್ಲ. ತಾಯಿ ಬಾಯಿಗೆ ಹಾಕಿಕೊಂಡ ಸಿಹಿಯನ್ನು ಹಿತ್ತಲಿಗೆ ಹೋಗಿ ಉಗಿದಳು. ವಿಳಾಸ ಬದಲಿಸಿದ್ದಕ್ಕೆ ಎಲ್ಲರೂ ಮಾಡುವುದೇ ಎಂಬ ಸಮಜಾಯಿಷಿಯಾದರೂ ಇತ್ತು. ಇದಕ್ಕೆ ಏನಿದೆ? ಕಣ್ಣು ಕಾಣುವಂತೆ ಮಾಡುವುದೇ ಕಸುಬಾದವಳು, ಒಂದು ಮಗುವಿನ ಕಣ್ಣನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದ್ದಳು. ಥೂ ನನ್ನ ಜನ್ಮಕ್ಕೆ, ಎಂದು ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತು ಸಣ್ಣ ದನಿಯಲ್ಲಿ ಬೈದುಕೊಂಡಳು.

ದೊಡ್ಡ ಶಾಲೆಗೆ ಸೇರಿಕೊಳ್ಳುವ ಕೊನೆಯ ದಿನಕ್ಕೆ ಇನ್ನೂ ಸ್ವಲ್ಪ ಸಮಯ ಇದ್ದಾಗ, ಒಂದು ಮಧ್ಯಾಹ್ನ ಗಾರೆಯವನು ಮಗಳ ಜೊತೆ ಅಂಗಡಿಗೆ ಬಂದ. ಅಂಗಡಿಯಾಕೆಯ ಮಗಳು ಆಗ ಹಿಂದಿನ ಕಪಾಟಿನ ಬಳಿ ಕೂತು ಖಾಲಿ ಡಬ್ಬಿಗಳನ್ನು ಒರೆಸುತ್ತಿದ್ದಳು. ಗೆಳತಿಯನ್ನು ಕಂಡರೂ ಎದ್ದು ಬರಲಿಲ್ಲ.

"ತಡ ಆಯ್ತು ಅಕ್ಕ, ತಪ್ಪು ತಿಳ್ಕೋಬೇಡಿ," ಎಂದ ಗಾರೆಯವನು. ತಡ ಮಾಡಿದ್ದಕ್ಕೆ ಅವನು ಕ್ಷಮೆ ಕೇಳುತ್ತಿದ್ದ! ಅಂಗಡಿಯಾಕೆಗೆ ಮುಖದ ಮೇಲೆ ಹೊಡೆದ ಹಾಗಾಯಿತು. "ಗಾಜು ಬಂತಾ?"

"ಬಂತು." ಡ್ರಾಯರು ಎಳೆದು ಡಬ್ಬಿ ತೆಗೆದಳು. ಹುಡುಗಿಯ ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ನೋಡಿದಳು. ಹುಡುಗಿ ಬಾಗಿಲ ಬಳಿ ಹೋಗಿ ರಸ್ತೆಯಾಚೆಯ ಕಡೆ ನೋಡಿದಳು. ನಗುತ್ತಾಳೆಂದು ಅಂಗಡಿಯಾಕೆ ಕಾದಳು. ನಗಲಿಲ್ಲ.

"ಹಿಂದಿನ ಸಲ ಕಿಲಕಿಲ ಅಂತಿದ್ದೆಯಲ್ಲ, ಈಗೇನಾಯ್ತು? ಕಾಣ್ತಿಲ್ವಾ?"

"ಕಾಣ್ತಿದೆ ಆಂಟಿ." ಹುಡುಗಿ ತಲೆ ತಗ್ಗಿಸಿದಳು. "ನನಗೆ ಕಣ್ಣಿಲ್ಲ ಅನ್ಕೊಂಡಿದ್ದೆ. ಬುದ್ಧೀನೂ ಇಲ್ಲ ಅಂತ ಪರೀಕ್ಷೇಲಿ ಗೊತ್ತಾಯ್ತು. ಸುಮ್ನೆ ಇಷ್ಟೆಲ್ಲ ಮಾಡಿಸಿದ್ರಿ."

"ದಡ್ಡಿ ಅಂತ ನಾನೇ ಬೈದೆ ಅಕ್ಕ," ಎಂದ ಅಪ್ಪ. "ಸಿಟ್ಟಲ್ಲಿ ಅಂದುಬಿಟ್ಟೆ. ಆವತ್ತಿಂದ ಪುಸ್ತಕ ಮುಟ್ಟಿಲ್ಲ. ನಾಳೆಯಿಂದ ನನ್ನ ಜೊತೆ ಕೆಲಸಕ್ಕೆ ಬರ್ತೀನಿ ಅಂತಾಳೆ."

ಡಬ್ಬಿ ಕೊಟ್ಟು ಕಳಿಸಿದ್ದರೆ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯಾಕೆ ಒಮ್ಮೆ ಹಿಂದೆ ತಿರುಗಿ ಕಪಾಟಿನ ಬಳಿ ಕೂತ ತನ್ನ ಮಗಳನ್ನು ನೋಡಿದಳು. ಈ ಮಾತು ಆಡಿದರೆ ಸೀಟೂ ಹೋಗುತ್ತದೆ, ಮಗಳ ಕಣ್ಣಲ್ಲಿ ತನ್ನ ಮುಖವೂ ಹೋಗುತ್ತದೆ. ಆಡದಿದ್ದರೆ ಎದುರಿಗಿರುವ ಈ ಮಗು ಬದುಕೆಲ್ಲ ತನ್ನನ್ನು ದಡ್ಡಿ ಎಂದುಕೊಂಡಿರುತ್ತದೆ. ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೀನು ದಡ್ಡಿ ಅಲ್ಲ ಮಗೂ. ಕನ್ನಡಕ ಪರೀಕ್ಷೆಗೆ ಮುಂಚೇನೇ ಸಿದ್ಧ ಇತ್ತು. ನಿಮ್ಮಪ್ಪ ಬಂದು ಕೇಳಿದಾಗ ಈ ಡ್ರಾಯರಲ್ಲೇ ಇತ್ತು. ಗಾಜು ಬಂದಿಲ್ಲ ಅಂತ ಸುಳ್ಳು ಹೇಳಿದೆ. ನನ್ನ ಮಗಳಿಗೆ ಸೀಟು ಸಿಗಲಿ ಅಂತ."

ಗಾರೆಯವನು ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವನು ಮಗಳ ತಲೆಯ ಮೇಲೆ ಕೈಯಿಟ್ಟು, "ನಾನು ಇದೇ ಬಾಯಲ್ಲಿ ಬೈದೆನಲ್ಲವ್ವಾ ನಿನಗೆ..." ಎಂದ. ಸಿಮೆಂಟು ಮೆತ್ತಿದ ಕೈ ತಲೆಯ ಮೇಲಿಂದ ಏಳಲೇ ಇಲ್ಲ.

ಹಿಂದಿನಿಂದ ಡಬ್ಬಿ ಬಿದ್ದ ಸದ್ದಾಯಿತು. ಮಗಳು ಎದ್ದು ನಿಂತಿದ್ದಳು. ಈಗ ಅಮ್ಮನನ್ನು ಬಾಯಿಗೆ ಬಂದಂತೆ ಅನ್ನುತ್ತಾಳೆ, ಅನ್ನಲಿ, ಎಂದು ತಾಯಿ ತಲೆ ಬಗ್ಗಿಸಿದಳು. ಮಗಳು ಅಮ್ಮನ ಕಡೆ ನೋಡಲೇ ಇಲ್ಲ.

"ನಾನೂ," ಎಂದಳು ಗೆಳತಿಗೆ. "ಪರೀಕ್ಷೆ ದಿನ ಬೋರ್ಡಲ್ಲಿ ಏನು ಬರೆದಿದೆ ಅಂತ ನೀನು ಕೇಳಿದೆ. ದಿನಾ ಓದಿ ಹೇಳ್ತಿದ್ದೆ. ಆವತ್ತು ಕೇಳಿಸ್ದೇ ಇದ್ದೋಳ ಹಾಗೆ ಕೂತೆ."

ತಾಯಿ ತಲೆಯೆತ್ತಿ ಮಗಳನ್ನು ನೋಡಿದಳು. ತಾನು ಯಾರಿಗೂ ಹೇಳದೆ ಮಾಡಿದ ಕೆಲಸವನ್ನು, ಯಾರೂ ಹೇಳಿಕೊಡದೆ, ಮಗಳು ಪರೀಕ್ಷೆಯಲ್ಲಿ ಕೂತು ಮಾಡಿದ್ದಳು. ಅಜ್ಜಿಯ ವಿಳಾಸ ಬರೆಸಿದ ದಿನ ಮಗಳು ಪಕ್ಕದಲ್ಲೇ ನಿಂತಿದ್ದುದು ಅವಳಿಗೆ ಆಗ ನೆನಪಾಯಿತು.

ಕಿರುಗಣ್ಣಿ ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಗೆಳತಿಯನ್ನೇ ನೋಡಿದಳು.

"ನಿನಗೆ ಕೇಳಿಸ್ತು ಅಂತ ಗೊತ್ತಿತ್ತು. ನಿನ್ನ ಕಿವಿ ಕೆಂಪಾಗಿತ್ತು," ಎಂದಳು. "ನನಗೆ ದೂರದ್ದು ಕಾಣಲ್ಲ ಅಷ್ಟೇ. ಹತ್ತಿರದ್ದು ಯಾವಾಗ್ಲೂ ಚೆನ್ನಾಗಿ ಕಾಣತ್ತೆ."

ಅಂಗಡಿಯಾಕೆ ಕೌಂಟರು ದಾಟಿ ಬಂದು, "ದೊಡ್ಡ ಶಾಲೇಲಿ ಹೆಡ್ ಮೇಡಂ ಇನ್ನೂ ಇರ್ತಾರೆ. ನಡೀರಿ ಅಣ್ಣ. ನಮಗೆ ಸೀಟು ಬೇಡ ಅಂತ ನಾವು ಬರೆದುಕೊಟ್ರೆ ಅದು ಇವಳದ್ದೇ" ಎಂದಳು. ಗಂಡನನ್ನು ಕೇಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಮಗಳು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

ಹಾಡುಹಗಲೇ ಅಂಗಡಿಯ ಬಾಗಿಲೆಳೆದು ನಾಲ್ವರೂ ಹೊರಟರು. ಭಾರ ಇಳಿದೀತು ಎಂದುಕೊಂಡಿದ್ದಳು ಅಂಗಡಿಯಾಕೆ. ಇಳಿಯಲಿಲ್ಲ. ಗಾರೆಯವನು ಅವಳಿಂದ ದೂರವೇ ನಡೆಯುತ್ತಿದ್ದ. ಮಗಳು ಎರಡು ಸಲ ಗೆಳತಿಯ ಪಕ್ಕಕ್ಕೆ ಹೋಗಿ, ಎರಡು ಸಲವೂ ಹಿಂದೆ ಉಳಿದಳು. ಕಿರುಗಣ್ಣಿ ಎಲ್ಲರಿಗಿಂತ ಮುಂದೆ ಹೋಗುತ್ತಾ, ರಸ್ತೆಯ ಎರಡೂ ಕಡೆಯ ಅಂಗಡಿಗಳ ಬೋರ್ಡುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಅವಳಿಗೆ ಓದಿ ಹೇಳುವವರು ಇನ್ನು ಬೇಕಾಗಿರಲಿಲ್ಲ.